ಪಟ್ಟಿಯಿಂದ ಬಿದ್ದುಹೋದ ಮೂವತ್ತೇಳು ಜನ

2024ರಲ್ಲಿ ನಾನು ಮಧುಗಿರಿಯ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿದ್ದೆ. ನಿವೃತ್ತಿಗೆ ಇನ್ನೊಂದು ವರ್ಷ ಬಾಕಿಯಿತ್ತು. ಲ್ಯಾಬಿಗೆ ಸೇರಿ ಇಪ್ಪತ್ತು ವರ್ಷ, ಅದಕ್ಕೂ ಮೊದಲು ಹದಿನಾಲ್ಕು ವರ್ಷ ಟೈಪಿಂಗ್ ಕಲಿಸಿದವಳು ನಾನು. ಟೈಪಿಂಗ್ ಕಲಿಸಿದವರಿಗೆ ತಪ್ಪು ಕಂಡರೆ ತಡೆಯಲಾಗುವುದಿಲ್ಲ. ಒಂದು ಅಕ್ಷರ ತಪ್ಪಿದರೂ ಇಡೀ ಹಾಳೆ ಮತ್ತೆ ಹೊಡೆಸುತ್ತಿದ್ದೆ. ಕೋಪ ನನಗೆ ಮೂಗಿನ ತುದಿಯಲ್ಲೇ. "ನೀನು ಬೈಯದ ದಿನ ಮಳೆ ಬರುತ್ತೆ ಅಂತ ಬರೆದೈತೆ, ಅದಕ್ಕೇ ನಮ್ ಕಡೆ ಮಳೆ ಕಮ್ಮಿ" ಎಂದು ನಮ್ಮ ಯಜಮಾನರು ತಮಾಷೆ ಮಾಡುತ್ತಿದ್ದರು. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದೆ.

ಲಾಕ್‌ಡೌನ್‌ಗಳೆಲ್ಲ ಮುಗಿದು ಕಾಲೇಜು ಮತ್ತೆ ಶುರುವಾದ ಮೇಲೆ, 2022ರಲ್ಲಿ, ನಾನು 'ಸ್ಕ್ರಿಪ್ಟ್ ಬಳಗ' ಎಂಬ ಒಂದು ಗುಂಪು ಕಟ್ಟಿದೆ. ಸ್ಕ್ರಿಪ್ಟ್ ಎಂದರೆ ಕಂಪ್ಯೂಟರಿಗೆ ಬರೆದುಕೊಡುವ ಚೀಟಿ. 'ಈ ಫೈಲ್ ತೆಗೆ, ಇದರಲ್ಲಿ ಹೀಗಿರುವುದನ್ನೆಲ್ಲ ಹುಡುಕು, ಆ ಫೈಲಿನಲ್ಲಿ ಬರೆದಿಡು' ಎಂದು ಒಂದು ಸಲ ಬರೆದಿಟ್ಟರೆ, ಒಬ್ಬ ಗುಮಾಸ್ತ ಮೂರು ದಿನ ಕಣ್ಣು ನೋಯಿಸಿಕೊಂಡು ಮಾಡುವ ಕೆಲಸವನ್ನು ಅದು ಮೂರು ಸೆಕೆಂಡಿನಲ್ಲಿ ಮಾಡಿ ಮುಗಿಸುತ್ತದೆ. ನಮ್ಮ ತಾಲ್ಲೂಕುಗಳ ಕಚೇರಿ, ಶಾಲೆ, ಅಂಗಡಿಗಳಲ್ಲಿ ಇಂಥ ಕೆಲಸಕ್ಕೇನು ಬರವೇ? ಮಾಡುವವರು ಸಾವಿರ ಜನ ಇದ್ದರು, ಇದನ್ನು ಸುಲಭ ಮಾಡಿಕೊಳ್ಳಬಹುದೆಂದು ಹೇಳುವವರು ಇರಲಿಲ್ಲ.

ಮೊದಲ ಸಭೆಗೆ ನಾಲ್ಕು ಜನ ಬಂದರು. ಅದರಲ್ಲಿ ಒಬ್ಬರು ಫ್ಯಾನ್ ಕೆಳಗೆ ಕೂರಲು ಬಂದಿದ್ದವರು, ಆಮೇಲೆ ಕಾಣಿಸಲಿಲ್ಲ. ಉಳಿದ ಮೂವರಲ್ಲಿ ಇಬ್ಬರು ಕೊನೆಯವರೆಗೂ ಬಿಡದೆ ಬಂದರು. ಶಿರಾದ ಬಸ್‌ಸ್ಟ್ಯಾಂಡ್ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟಿದ್ದ ನಯಾಜ್ ಒಬ್ಬ. ಕೊರಟಗೆರೆಯ ಹೈಸ್ಕೂಲೊಂದರಲ್ಲಿ ಗುಮಾಸ್ತರಾಗಿದ್ದ ಗಂಗರಾಜು ಇನ್ನೊಬ್ಬರು. ನಯಾಜ್ ಬರುವಾಗೆಲ್ಲ ಮಂಡಿಯಿಂದ ಹುರಿದ ಕಡ್ಲೆಕಾಯಿ ಪೊಟ್ಟಣ ತರುತ್ತಿದ್ದ, ಲ್ಯಾಬಿನಲ್ಲಿ ಸಿಪ್ಪೆ ಬಿದ್ದರೆ ನನ್ನಿಂದ ಬೈಸಿಕೊಳ್ಳುತ್ತಿದ್ದ, ಮತ್ತೆ ತರುತ್ತಿದ್ದ.

ತಿಂಗಳ ಎರಡನೆಯ ಭಾನುವಾರ ಮಧುಗಿರಿಯ ಲ್ಯಾಬಿನಲ್ಲಿ ಸೇರುತ್ತಿದ್ದೆವು. ಪಾವಗಡದಿಂದ ಬರುವವರಿಗೆ ಬಸ್ಸಿನಲ್ಲೇ ಅರ್ಧ ದಿನ ಹೋಗುತ್ತಿತ್ತು. ಅವರಿಗೆಂದು ಒಂದು ವಾಟ್ಸಾಪ್ ಗ್ರೂಪ್ ಮಾಡಿ, ಮೊದಲ ಗುರುವಾರ ಸಂಜೆ ಏಳಕ್ಕೆ ವಿಡಿಯೋ ಸಭೆ ಇಟ್ಟೆವು. ಎರಡು ವರ್ಷದಲ್ಲಿ ನಾಲ್ಕು ತಾಲ್ಲೂಕಿನಿಂದ ಅರವತ್ತಮೂರು ಜನರಾದರು. ನಿಯಮಗಳು ಮೂರೇ: ಕೇಳುವ ಮೊದಲು ನೀನೇ ಪ್ರಯತ್ನಪಡು, ಅಸಲು ಫೈಲ್ ಮುಟ್ಟದೆ ನಕಲಿನ ಮೇಲೆ ಓಡಿಸು, ಗುಡ್ ಮಾರ್ನಿಂಗ್ ಹೂವಿನ ಚಿತ್ರ ಹಾಕಬೇಡ. ಮೂರನೆಯದನ್ನು ಮುರಿದಿದ್ದಕ್ಕೆ ನನ್ನ ಸ್ವಂತ ನಾದಿನಿಯನ್ನೇ ಗ್ರೂಪಿನಿಂದ ತೆಗೆದುಹಾಕಿದ್ದೆ. ಆಕೆ ಇವತ್ತಿಗೂ ಹಬ್ಬಕ್ಕೆ ಬಂದರೆ ಅದನ್ನು ಎತ್ತುತ್ತಾಳೆ.

ಬಳಗ ಎಷ್ಟು ಅಚ್ಚುಕಟ್ಟಾಗಿ ನಡೆಯುತ್ತಿದೆ ಎಂದು ನನಗೆ ಒಳಗೊಳಗೇ ಹಿಗ್ಗು. ಬೇಡದ ಮಾತಿಲ್ಲ, ಗದ್ದಲವಿಲ್ಲ, ಒಂದೇ ಪ್ರಶ್ನೆ ಹತ್ತು ಸಲ ಕೇಳುವವರಿಲ್ಲ. ಬೇರೆ ಊರಿನ ಗುಂಪುಗಳನ್ನು ನೋಡಿ, ಅಯ್ಯೋ ಇದೇನು ಸಂತೆ ಎಂದುಕೊಳ್ಳುತ್ತಿದ್ದೆ.

ಪಾವಗಡದ ಅನಸೂಯ ಬಳಗಕ್ಕೆ ಸೇರಿದ್ದು 2023ರ ಕೊನೆಗೆ. ಮದುವೆಯಾಗಿ ಎರಡು ಮಕ್ಕಳ ತಾಯಿ, ಬಿ.ಎ. ಓದಿದ್ದಳು. ಹಳ್ಳಿಗಳಲ್ಲಿ ಉಚಿತ ಕಣ್ಣಿನ ಶಿಬಿರ ನಡೆಸುವ ಒಂದು ಟ್ರಸ್ಟಿನ ಪಾವಗಡ ಕಚೇರಿಯಲ್ಲಿ ಡೇಟಾ ಎಂಟ್ರಿ ಕೆಲಸ. ಆರು ತಿಂಗಳು ಪರೀಕ್ಷೆಗೆಂದು ಇಟ್ಟುಕೊಂಡಿದ್ದರು, ಸರಿಹೋದರೆ ಕಾಯಂ ಎಂದಿದ್ದರು. ಆನ್‌ಲೈನ್ ಸಭೆಗೆ ಬರುವಾಗ ಅವಳ ಹಿಂದೆ ಮಕ್ಕಳ ಜಗಳ, ಕುಕ್ಕರಿನ ವಿಶಲ್ ಎಲ್ಲ ಕೇಳಿಸುತ್ತಿತ್ತು. ಕಲಿಯುವ ಆಸೆ ಬಹಳ, ಪ್ರಶ್ನೆಗಳೂ ಬಹಳ. ತನ್ನ ಸ್ಕ್ರಿಪ್ಟಿನಲ್ಲಿ ಕನ್ನಡ ಅಕ್ಷರದ ಜಾಗದಲ್ಲಿ ಡಬ್ಬಿ ಡಬ್ಬಿಯಾಗಿ ಬರುತ್ತದೆ ಎಂದು ಒಂದು ಸಲ ಕೇಳಿದಳು, ಉತ್ತರ ಕೊಟ್ಟೆ. ಇನ್ನೊಂದು ಸಲ ಕೇಳಿದಳು, ಕೊಟ್ಟೆ. ಮೂರನೆಯ ಸಲ ಕೇಳಿದಾಗ ನನ್ನ ತಲೆ ಕೆಟ್ಟಿತು. "ಇದೇ ಪ್ರಶ್ನೆ ಮೂರನೇ ಸಲ. ಹಳೆಯ ಮೆಸೇಜ್ ಓದುವ ಅಭ್ಯಾಸ ಮಾಡಿಕೋ. ಇದು ಬಳಗ, ಟ್ಯೂಷನ್ ಅಲ್ಲ" ಎಂದು ಗ್ರೂಪಿನಲ್ಲೇ ಬರೆದೆ. ಹನ್ನೊಂದು ಜನ ಅದಕ್ಕೆ ಹೆಬ್ಬೆರಳು ಎತ್ತಿದರು. ಅನಸೂಯ "ಸಾರಿ ಮೇಡಂ" ಎಂದಳು. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮುಂದಿನ ತಿಂಗಳ ಗುರುವಾರದ ಸಭೆಗೆ ಅವಳು ತನ್ನ ಕಚೇರಿಯ ಒಂದು ಕೆಲಸ ತಂದಳು. ಟ್ರಸ್ಟಿನವರು ನಾಲ್ಕೂ ತಾಲ್ಲೂಕಿನಲ್ಲಿ ಶಿಬಿರ ಮಾಡಿ, ಕಣ್ಣಿನ ಪೊರೆ ಬಂದಿರುವ ವಯಸ್ಸಾದವರನ್ನು ಆಪರೇಷನ್‌ಗೆ ಆರಿಸಿದ್ದರು. ನಾಲ್ಕು ಪಟ್ಟಿ ಸೇರಿ 164 ಹೆಸರು. ಕೆಲವರು ಎರಡು ಶಿಬಿರಕ್ಕೂ ಹೋಗಿ ಎರಡು ಸಲ ಬರೆಸಿದ್ದರು. ಹಾಗೆ ಎರಡೆರಡು ಸಲ ಬಂದವರನ್ನು ತೆಗೆದು ಒಂದೇ ಪಟ್ಟಿ ಮಾಡಬೇಕು. ಆ ಪಟ್ಟಿಯಲ್ಲಿ ಉಳಿದವರಿಗೆ ಮೊಬೈಲ್ ಮೆಸೇಜ್ ಹೋಗುತ್ತದೆ, ಸೋಮವಾರ ಬೆಳಿಗ್ಗೆ ಬಸ್ಸುಗಳು ಬಂದು ಆಸ್ಪತ್ರೆಗೆ ಕರೆದೊಯ್ಯುತ್ತವೆ.

ನಯಾಜ್ ಅಲ್ಲೇ ಕೂತು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಇಪ್ಪತ್ತು ಸಾಲಿನ ಸ್ಕ್ರಿಪ್ಟ್ ಬರೆದ. ಹೆಸರು, ಊರು ಎರಡೂ ಒಂದೇ ಆಗಿದ್ದರೆ ಒಬ್ಬರೇ ಎಂದು ಹಿಡಿಯುವಂತೆ ಮಾಡಿದ್ದ. ನಾನು ಒಪ್ಪಲಿಲ್ಲ. "ಹೆಸರು ನಂಬಬೇಡ ಕಣಪ್ಪ. ಒಂದು ಶಿಬಿರದಲ್ಲಿ ರಂಗಮ್ಮ ಅಂತಾರೆ, ಇನ್ನೊಂದರಲ್ಲಿ ರಂಗಲಕ್ಷ್ಮಮ್ಮ ಅಂತಾರೆ. ಹುಟ್ಟಿದ ದಿನ ಅಂತೂ ಕೇಳಲೇಬೇಡ, ನಮ್ಮ ಕಡೆ ವಯಸ್ಸಾದವರೆಲ್ಲ ಜನವರಿ ಒಂದನೇ ತಾರೀಕೇ ಹುಟ್ಟಿದವರು. ಫೋನ್ ನಂಬರ್ ಹಿಡಿ. ಒಂದು ನಂಬರ್ ಪ್ರಪಂಚದಲ್ಲಿ ಒಬ್ಬರಿಗೇ ಇರೋದು." ನಯಾಜ್ "ಸಹೀ ಬಾತ್ ಮೇಡಂ" ಎಂದು ಬದಲಾಯಿಸಿದ. ಶಿರಾ ಪಟ್ಟಣದ ಮೂವತ್ತು ಹೆಸರು ಹಾಕಿ ಪರೀಕ್ಷೆ ಮಾಡಿದೆವು. ಎರಡು ಸಲ ಬಂದಿದ್ದ ಇಬ್ಬರನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದುಕೊಟ್ಟಿತು. ಯಾರಿಗಾದರೂ ಪ್ರಶ್ನೆ ಇದೆಯಾ ಎಂದು ಕೇಳಿದೆ. ಯಾರಿಗೂ ಇರಲಿಲ್ಲ. ಅನಸೂಯ "ಥ್ಯಾಂಕ್ಸ್ ಮೇಡಂ" ಎಂದಳು.

ಆ ಶನಿವಾರ ಮಧ್ಯಾಹ್ನ ಮೂರು ಗಂಟೆ ಇರಬೇಕು, ಮನೆಯಲ್ಲಿ ಹುಣಸೆಹಣ್ಣಿನ ನಾರು ಬಿಡಿಸುತ್ತಾ ಕೂತಿದ್ದೆ. ಅನಸೂಯಳ ಫೋನ್ ಬಂತು. ಅಳುತ್ತಿದ್ದಳು. "ಮೇಡಂ, ನಾನು ತಪ್ಪು ಮಾಡ್ಬುಟ್ಟೆ" ಎಂದಳು. ನೀರು ಕುಡಿದು ಆಮೇಲೆ ಮಾತಾಡು ಎಂದು ಗದರಿದೆ. ಗದರಿದ ಮೇಲೆಯೇ ವಿಷಯ ಹೊರಗೆ ಬಂತು.

ಪಾವಗಡದಾಚೆ, ಆಂಧ್ರದ ಗಡಿಗೆ ಅಂಟಿದ ಒಂದು ಹಳ್ಳಿಯಿಂದ, ಹಿಟ್ಟಿನ ಗಿರಣಿಯ ನಾಗಿರೆಡ್ಡಿ ಎಂಬವರು ಕಚೇರಿಗೆ ಫೋನ್ ಮಾಡಿ, ತೆಲುಗು ಕನ್ನಡ ಬೆರೆಸಿ ಕೇಳಿದ್ದರು. "ಏಂದಮ್ಮಾ ಇದಿ? ನಮ್ಮೂರಾಗೆ ತೊಮ್ಮಿದಿ ಮಂದಿ ಕಣಮ್ಮ, ಒಂಬತ್ತು ಜನ! ಎಲ್ರಿಗೂ ಆಪರೇಷನ್ ಅಂತ ಬರ್ಕೊಂಡು ಹೋದ್ರಿ. ನನ್ ಫೋನಿಗೆ ಒಂದೇ ಮೆಸೇಜ್ ಬಂದೈತೆ. ಮಿಕ್ಕಿದ ಎಂಟು ಜನ ಏನು ಮಾಡ್ಬೇಕು, ನನ್ ಗಿರಣಿ ಮುಂದೆ ಕೂತವ್ರೆ!" ಒಂಬತ್ತೂ ಜನ ಬರೆಸಿದ್ದು ನಾಗಿರೆಡ್ಡಿಯವರ ನಂಬರನ್ನೇ.

ಇದು ಹಳ್ಳಿಯಲ್ಲಿ ಹುಟ್ಟಿ ಬೆಳೆದ ಯಾರಿಗೂ ಹೊಸದಲ್ಲ. ಅಜ್ಜಿಯರ ಹತ್ತಿರ ಫೋನ್ ಇರುವುದಿಲ್ಲ, ಇದ್ದರೂ ಮೆಸೇಜ್ ಓದಲು ಬರುವುದಿಲ್ಲ. ಹಾಗಾಗಿ ಯಾರು ಓದಿ ಹೇಳುತ್ತಾರೋ ಅವರ ನಂಬರ್ ಬರೆಸುತ್ತಾರೆ: ಗಿರಣಿಯವರದ್ದು, ಅಂಗಡಿಯವರದ್ದು, ಅಂಗನವಾಡಿ ಟೀಚರದ್ದು. ಕೆಲವು ಕೇರಿಗಳಿಗೆ ಒಂದೇ ನಂಬರ್. ನನ್ನ ತವರಿನಲ್ಲೂ ಹೀಗೇ ನಡೆಯುತ್ತಿತ್ತು. ಮೂವತ್ತು ವರ್ಷ ಪಟ್ಟಣದಲ್ಲಿದ್ದು ನನಗೆ ಅದು ಮರೆತೇಹೋಗಿತ್ತು. ನಾವು ಪರೀಕ್ಷೆ ಮಾಡಿದ್ದು ಶಿರಾ ಪಟ್ಟಣದ ಹೆಸರುಗಳ ಮೇಲೆ. ಅಲ್ಲಿ ಎಲ್ಲರಿಗೂ ಸ್ವಂತ ಫೋನ್ ಇತ್ತು.

ನಾನು ಕೈ ತೊಳೆದು ಹಳೆಯ ಪಟ್ಟಿ ಕಳಿಸು ಎಂದೆ. ಪುಣ್ಯಕ್ಕೆ ಅನಸೂಯ ಎರಡನೆಯ ನಿಯಮ ಮೀರಿರಲಿಲ್ಲ, ಅಸಲು ಪಟ್ಟಿಗಳು ಹಾಗೇ ಇದ್ದವು. 164ರಲ್ಲಿ ಸ್ಕ್ರಿಪ್ಟ್ ಉಳಿಸಿದ್ದು 121. ತೆಗೆದುಹಾಕಿದ್ದು 43. ಒಂದೊಂದನ್ನೂ ಕಣ್ಣಲ್ಲಿ ನೋಡಿದೆವು. ನಿಜವಾಗಿ ಎರಡು ಸಲ ಬರೆಸಿದವರು ಬರೀ ಆರು ಜನ. ಉಳಿದ ಮೂವತ್ತೇಳು ಜನ ಬೇರೆ ಬೇರೆ ಮನುಷ್ಯರು, ಬೇರೆ ಬೇರೆ ಮನೆಯವರು. ಪಾವಗಡದವರು ಹತ್ತೊಂಬತ್ತು, ಮಧುಗಿರಿ ಒಂಬತ್ತು, ಶಿರಾ ಆರು, ಕೊರಟಗೆರೆ ಮೂರು.

ಅನಸೂಯ ಶಿಬಿರದ ಮೇಲ್ವಿಚಾರಕರಿಗೆ ಫೋನ್ ಮಾಡಿದಳು, ನನ್ನನ್ನೂ ಲೈನಿಗೆ ಸೇರಿಸಿಕೊಂಡಳು. ಅವರು ಕೂಗಾಡಲಿಲ್ಲ. ಆಸ್ಪತ್ರೆಯವರು ನಮ್ಮ ಪಟ್ಟಿ ನೋಡಿ, ಮಿಕ್ಕ ಹಾಸಿಗೆಗಳನ್ನು ಬೇರೆ ಜಿಲ್ಲೆಯ ಶಿಬಿರಕ್ಕೆ ಕೊಡುವುದಾಗಿ ಹೇಳಿದ್ದಾರೆ ಎಂದರು. "ಭಾನುವಾರ ಸಂಜೆ ಐದರವರೆಗೆ ತಡೀತೀನಿ. ಬರ್ತೀನಿ ಅಂತ ಒಪ್ಪಿದವರ ಹೆಸರು, ಜೊತೆಗೆ ಬರೋರ ಹೆಸರು, ಎರಡೂ ಬೇಕು. ಐದು ದಾಟಿದ್ರೆ ಮುಂದಿನ ವರ್ಷವೇ." ಆಮೇಲೆ ಈ ತಪ್ಪು ಯಾರದ್ದು ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅನಸೂಯ "ನಂದೇ ಸಾರ್" ಎಂದಳು. ನಾನು ತೆರೆದ ಬಾಯಿ ಮುಚ್ಚಿಕೊಂಡೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಮಾರನೆಯ ದಿನ ನಮ್ಮ ಎರಡನೆಯ ಭಾನುವಾರ. ದೇವರು ದೊಡ್ಡವನು, ಸಭೆ ಹೇಗೂ ಮೊದಲೇ ನಿಗದಿಯಾಗಿತ್ತು. ಗ್ರೂಪಿನಲ್ಲಿ ಬರೆದೆ: 'ಒಂದು ಸ್ಕ್ರಿಪ್ಟ್‌ನಲ್ಲಿ ತಪ್ಪಾಗಿದೆ. ಮೂವತ್ತೇಳು ಜನ ವಯಸ್ಸಾದವರು ಪಟ್ಟಿಯಿಂದ ಬಿದ್ದಿದ್ದಾರೆ. ನಾಳೆ ಐದು ಗಂಟೆಯೊಳಗೆ ಒಬ್ಬೊಬ್ಬರನ್ನೂ ಹುಡುಕಬೇಕು. ಬರಲಾಗುವವರು ಲ್ಯಾಬಿಗೆ ಬನ್ನಿ, ಉಳಿದವರು ನಿಮ್ಮ ನಿಮ್ಮ ಊರಿನಲ್ಲೇ ತಯಾರಿರಿ.' ಯಾರಿಂದ ತಪ್ಪಾಗಿದೆ ಎಂದು ಬರೆಯಲಿಲ್ಲ.

ಭಾನುವಾರ ಒಂಬತ್ತಕ್ಕೆ ಲ್ಯಾಬಿನ ಬಾಗಿಲು ತೆಗೆದಾಗ ಹದಿನಾಲ್ಕು ಜನ ಹೊರಗೆ ನಿಂತಿದ್ದರು. ನಯಾಜ್ ಅಂಗಡಿ ಮುಚ್ಚಿ ಮೊದಲ ಬಸ್ಸಿಗೇ ಬಂದಿದ್ದ. ಬೋರ್ಡಿನ ಮೇಲೆ ಮೂವತ್ತೇಳು ಹೆಸರನ್ನೂ ಊರಿನ ಜೊತೆ ಬರೆದೆವು. ನಯಾಜ್ ತಲೆ ತಗ್ಗಿಸಿ "ಮೇಡಂ, ಸ್ಕ್ರಿಪ್ಟ್ ಬರ್ದೋನು ನಾನು" ಎಂದ. "ಸುಮ್ನೆ ಫೋನ್ ಹಿಡಿ, ಹಾಳಾದೋನೆ" ಎಂದೆ. ಅವನಿಗೆ ಸಮಾಧಾನವಾಯಿತು ಅಂತ ಕಾಣುತ್ತೆ, ಬೈದರೆ ಎಲ್ಲ ಸರಿಯಿದೆ ಎಂದು ಅವನ ಲೆಕ್ಕ.

ನಂಬರಿಗೆ ಫೋನ್ ಮಾಡುವುದು, ಎತ್ತಿದವರಿಂದ ಆ ಅಜ್ಜ ಅಜ್ಜಿ ಎಲ್ಲಿದ್ದಾರೆ ಎಂದು ಕೇಳುವುದು, ಅವರ ಕೈಗೇ ಫೋನ್ ಕೊಡಿಸುವುದು, ಜೊತೆಗೆ ಯಾರು ಬರುತ್ತಾರೆ ಎಂದು ಬರೆದುಕೊಳ್ಳುವುದು. ಫೋನ್ ಹತ್ತದ ಕಡೆಗೆ ಆ ತಾಲ್ಲೂಕಿನ ಬಳಗದವರು ಬೈಕಿನಲ್ಲಿ ಹೋಗುವುದು. ಎರಡು ವರ್ಷ ಕಂಪ್ಯೂಟರ್ ಪರದೆ ನೋಡಿಕೊಂಡು ಕೂರುತ್ತಿದ್ದ ಬಳಗ ಅವತ್ತು ಮೂರು ಗಂಟೆ ಕಾಲ ಒಂದು ಸಾಲು ಕೋಡ್ ಬರೆಯಲಿಲ್ಲ. ಬರೀ ಮಾತು. "ಅಜ್ಜಿ, ಕೇಳಿಸ್ತಾ?" "ಅಯ್ಯೋ, ಆ ಲಕ್ಷ್ಮಮ್ಮ ಅಲ್ಲ ಕಣಮ್ಮ, ಬಾವಿ ಮನೆ ಲಕ್ಷ್ಮಮ್ಮ." "ಯಜಮಾನ್ರೇ, ಬೆಳಿಗ್ಗೆ ಏನೂ ತಿನ್ನದೆ ಬರಬೇಕಂತೆ, ಬೀಡಿನೂ ಬ್ಯಾಡ." ಹನ್ನೆರಡಕ್ಕೆ ಇಪ್ಪತ್ತನಾಲ್ಕು ಹೆಸರಿಗೆ ಗೆರೆ ಬಿತ್ತು.

ಐ.ಡಿ.ಹಳ್ಳಿ ಕಡೆಯ ಈರಮ್ಮ ಎಂಬವರು ಮಾತ್ರ ಫೋನಿಗೆ ಬರಲೇ ಇಲ್ಲ, ಬರಲ್ಲ ಅಂತವ್ರೆ ಎಂದು ಅಂಗಡಿಯವರು ಹೇಳಿ ಇಟ್ಟುಬಿಟ್ಟರು. ಗಂಗರಾಜು ಲ್ಯಾಬಿನಲ್ಲಿದ್ದ ಒಬ್ಬರ ಬೈಕ್ ಹತ್ತಿಕೊಂಡು ಹೋದರು. ಒಂದು ಗಂಟೆಯ ಮೇಲೆ ಅವರೇ ಫೋನ್ ಮಾಡಿ, ನೀವೇ ಮಾತಾಡಿ ಎಂದು ಈರಮ್ಮನ ಮುಂದೆ ಹಿಡಿದರು. ನಾನು ಸ್ಪೀಕರಿಗೆ ಹಾಕಿದೆ.

"ಯಾರವ್ವ ನೀನು? ಈವಯ್ಯ ಬಂದು ಬಸ್ ಹತ್ತು ಬಸ್ ಹತ್ತು ಅಂತಾವ್ನೆ" ಎಂದರು ಈರಮ್ಮ. "ಮೊನ್ನೆ ಪಕ್ಕದ್ಮನೆ ಪುಟ್ಟಕ್ಕಂಗೆ ಮೆಸೇಜ್ ಬಂತು, ನಂಗೆ ಬರ್ಲಿಲ್ಲ. ನನ್ ಕಣ್ಣು ಫೇಲಾತು ಅಂತ ಸುಮ್ಕಾದೆ. ಕತ್ಲಾದ್ರೆ ಏನೀಗ, ಎಷ್ಟು ದಿನ ಇರ್ತೀನಿ ಅಂತ. ಈಗ ಬಾ ಅಂದ್ರೆ ಹೆಂಗೆ?"

"ನಿಮ್ ಕಣ್ಣು ಪಾಸಾಗೈತೆ ಕಣಜ್ಜಿ. ನಮ್ ಪಟ್ಟಿ ತಪ್ಪಾಗಿತ್ತು" ಎಂದೆ.

"ಅಂಗಾರೆ ಫೇಲಾಗಿದ್ದು ನೀವು ಅನ್ನು" ಎಂದರು.

ಲ್ಯಾಬಿನಲ್ಲಿ ಎಲ್ಲರೂ ಹೋ ಎಂದು ನಕ್ಕರು. ನನಗೆ ನಗು ಬರಲಿಲ್ಲ. ಹೌದಜ್ಜಿ, ನಾವೇ ಎಂದೆ. ಅವರು ಗಂಗರಾಜು ಕಡೆಗೆ ತಿರುಗಿ "ಎಷ್ಟೊತ್ತಿಗ್ಲಾ ಬಸ್ಸು?" ಎಂದದ್ದು ಕೇಳಿಸಿತು. ಬೋರ್ಡಿನ ಮೇಲೆ ಇನ್ನೊಂದು ಗೆರೆ ಎಳೆದೆವು.

ಮೂರೂವರೆಗೆ ಒಂದೇ ಹೆಸರು ಉಳಿಯಿತು. ನಾಗಿರೆಡ್ಡಿಯವರ ಊರಿನ ಅಕ್ಕಲಮ್ಮ. ಮೆಸೇಜ್ ಬರಲಿಲ್ಲವೆಂದು ಶನಿವಾರ ಸಂಜೆಯೇ ಗಂಟು ಕಟ್ಟಿಕೊಂಡು, ಆಂಧ್ರದ ಕಡೆಯ ಹಳ್ಳಿಯಲ್ಲಿರುವ ಮಗಳ ಮನೆಗೆ ಹೋಗಿಬಿಟ್ಟಿದ್ದರು. ಮಗಳ ಫೋನ್ ಸ್ವಿಚ್ಡ್ ಆಫ್. ಪಾವಗಡದಲ್ಲಿ ಬೆಳಿಗ್ಗೆಯಿಂದ ತಿರುಗುತ್ತಿದ್ದ ಅನಸೂಯ, ನಾನೇ ಹೋಗಿಬರ್ತೀನಿ ಎಂದು ಸ್ಕೂಟಿ ತೆಗೆದಳು. ಇಪ್ಪತ್ತೆರಡು ಕಿಲೋಮೀಟರ್. ನಾನು ಬೇಡ ಎನ್ನಲಿಲ್ಲ. ಮೂವತ್ತಾರು ಆಯಿತಲ್ಲ, ಸಾಕು ಬಿಡಿ ಮೇಡಂ ಎಂದು ಯಾರೋ ಹಿಂದಿನಿಂದ ಅಂದರು. ನಾನು ತಿರುಗಿ ನೋಡಿದೆ, ಮತ್ತೆ ಆ ಮಾತು ಯಾರೂ ಎತ್ತಲಿಲ್ಲ.

ನಾಲ್ಕಾಯಿತು, ನಾಲ್ಕೂಕಾಲಾಯಿತು. ಅವಳ ಫೋನಿಗೂ ಸಿಗ್ನಲ್ ಇಲ್ಲ. ಮೂವತ್ತಾರು ಹೆಸರಿನ ಪಟ್ಟಿ ತಯಾರು ಮಾಡಿ, ಕಳಿಸುವ ಬಟನ್ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ. ನಯಾಜ್ ಬಾಗಿಲಿಗೂ ಮೇಜಿಗೂ ಓಡಾಡುತ್ತಿದ್ದ. ಯಾರಿಗೂ ಕಡ್ಲೆಕಾಯಿ ನೆನಪಾಗಲಿಲ್ಲ. ನಾಲ್ಕು ನಲವತ್ತೊಂದಕ್ಕೆ ಫೋನ್ ಬಂತು. ಅನಸೂಯ ಕೆರೆ ಏರಿ ಮೇಲೆ ನಿಂತು ಮಾತಾಡುತ್ತಿದ್ದಳು, ಗಾಳಿಯ ಸದ್ದಿನಲ್ಲಿ ಅರ್ಧ ಮಾತು ಹಾರಿಹೋಗುತ್ತಿತ್ತು. "ಸಿಕ್ಕಿದ್ರು ಮೇಡಂ! ಒಪ್ಕೊಂಡವ್ರೆ. ಮಗಳೇ ಜೊತೆಗೆ ಬರ್ತಾಳಂತೆ, ಹೆಸ್ರು ಬರ್ಕೊಳಿ." ಬರೆದುಕೊಂಡೆ. ನಾಲ್ಕು ಐವತ್ತಕ್ಕೆ ಮೂವತ್ತೇಳು ಹೆಸರಿನ ಪಟ್ಟಿ ಹೋಯಿತು. ಲ್ಯಾಬಿನಲ್ಲಿ ಚಪ್ಪಾಳೆ ಬಿತ್ತು. ನನಗೆ ಅಳು ಬಂತು, ಕನ್ನಡಕ ಒರೆಸುವ ನೆಪ ಮಾಡಿ ಕಿಟಕಿ ಕಡೆ ತಿರುಗಿದೆ.

ಸೋಮವಾರ ಬೆಳಿಗ್ಗೆ ಪಾವಗಡದಿಂದ ಹೊರಟ ಬಸ್ಸು ಮಧುಗಿರಿಗೆ ಬಂದಾಗ ಏಳೂವರೆ. ನಾನೂ ಹೋಗಿದ್ದೆ. ಅನಸೂಯ ಪಟ್ಟಿ ಹಿಡಿದು ಬಾಗಿಲಲ್ಲಿ ನಿಂತು, ಒಬ್ಬೊಬ್ಬರನ್ನೂ ಕೈಹಿಡಿದು ಹತ್ತಿಸಿಕೊಳ್ಳುತ್ತಿದ್ದಳು. ಈರಮ್ಮ ಹತ್ತಿದರು, ಅಕ್ಕಲಮ್ಮ ಒಳಗೆ ಕಿಟಕಿ ಪಕ್ಕ ಕೂತಿದ್ದರು. ಬೇರೆ ತಾಲ್ಲೂಕಿನ ಬಸ್ಸುಗಳಿಂದಲೂ ಫೋನ್ ಬಂತು, ಮೂವತ್ತೇಳು ಜನರೂ ಬಂದಿದ್ದರು. ಮುಂದೆ ಆಸ್ಪತ್ರೆಯಲ್ಲಿ ಅವರಲ್ಲಿ ಮೂವತ್ತೈದು ಜನಕ್ಕೆ ಆಪರೇಷನ್ ಆಯಿತು. ಇಬ್ಬರಿಗೆ ಸಕ್ಕರೆ ಕಾಯಿಲೆ ಹೆಚ್ಚಾಗಿದ್ದರಿಂದ ಮಾತ್ರೆ ಕೊಟ್ಟು ಕಳಿಸಿ, ಒಂದೂವರೆ ತಿಂಗಳ ಮೇಲೆ ಮಾಡಿದರು.

ಬಸ್ಸು ಹೊರಡಲು ಇನ್ನೂ ಐದು ನಿಮಿಷವಿತ್ತು. ಕಾಫಿ ಕುಡಿಯುತ್ತಾ ಅನಸೂಯಳನ್ನು ಕೇಳಿದೆ. ಬೈಯಬೇಕೆಂದು ಕೇಳಿದ್ದಲ್ಲ, ನಿಜವಾಗಿಯೂ ತಿಳಿಯಬೇಕಿತ್ತು.

"ನಿಮ್ಮ ಕಡೆ ಊರಿಗೆಲ್ಲ ಒಂದೇ ನಂಬರ್ ಕೊಡ್ತಾರೆ ಅಂತ ನಿನಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು ಮೇಡಂ. ನಾನೇ ಅಲ್ವಾ ಟೈಪ್ ಮಾಡಿದ್ದು."

"ಮತ್ತೆ ಗುರುವಾರ ಯಾಕಮ್ಮ ಕೇಳಲಿಲ್ಲ?"

ಅವಳು ಕಾಫಿ ಲೋಟವನ್ನು ಕೆಳಗಿಟ್ಟಳು. "ಕೇಳ್ಬೇಕು ಅಂತ ಟೈಪ್ ಮಾಡಿದ್ದೆ ಮೇಡಂ. ಕಳಿಸೋಕೆ ಮುಂಚೆ ಅಳಿಸ್ಬುಟ್ಟೆ. ಮತ್ತೆ ಎಲ್ರ ಮುಂದೆ ಬೈಸ್ಕೊಳ್ಳೋದು ಯಾಕೆ ಅಂತ. ನೀವು ಹೇಳಿದ್ಮೇಲೆ ಸರೀನೇ ಇರ್ತದೆ ಅನ್ಕೊಂಡೆ."

ಬಸ್ಸಿನವರು ಹಾರ್ನ್ ಹೊಡೆದರು. ಅವಳು ಓಡಿಹೋಗಿ ಹತ್ತಿದಳು. ನಾನು ತಣ್ಣಗಾದ ಕಾಫಿ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಮೂವತ್ತೇಳು ಜನ ಬಿದ್ದುಹೋಗಲು ನಯಾಜ್‌ನ ಸ್ಕ್ರಿಪ್ಟೂ ಕಾರಣವಲ್ಲ, ಫೋನ್ ನಂಬರೂ ಕಾರಣವಲ್ಲ. ಗೊತ್ತಿದ್ದವಳು ಒಬ್ಬಳು ಅಲ್ಲೇ ಇದ್ದಳು, ಅವಳ ಬಾಯಿಗೆ ನಾನು ಬೀಗ ಹಾಕಿದ್ದೆ. ಮನೆಗೆ ಬಂದವಳೇ ಮೇಲ್ವಿಚಾರಕರಿಗೆ ಫೋನ್ ಮಾಡಿ, ಫೋನ್ ನಂಬರ್ ಹಿಡಿಯಿರಿ ಎಂದು ಹೇಳಿದವಳು ನಾನು, ಆ ಹುಡುಗಿಯದ್ದು ಏನೂ ತಪ್ಪಿಲ್ಲ ಎಂದೆ. ಹಾಗೇ ಬರೆದೂ ಕಳಿಸಿದೆ. ಮೂರು ತಿಂಗಳ ನಂತರ ಅವಳ ಕೆಲಸ ಕಾಯಂ ಆಯಿತು. ಅದು ನನ್ನ ಪತ್ರದಿಂದ ಆಗಿದ್ದಲ್ಲ, ಭಾನುವಾರದ ಅವಳ ಓಡಾಟದಿಂದ ಆಗಿದ್ದು ಎಂದು ಮೇಲ್ವಿಚಾರಕರೇ ನನಗೆ ಹೇಳಿದರು.

ಮುಂದಿನ ತಿಂಗಳ ಭಾನುವಾರದ ಸಭೆಗೆ ದೂರದವರನ್ನೂ ವಿಡಿಯೋದಲ್ಲಿ ಸೇರಿಸಿಕೊಂಡು, ಎದ್ದು ನಿಂತೆ. ಲ್ಯಾಬಿನಲ್ಲಿ ಹದಿನಾರು ಜನ, ಪರದೆಯ ಮೇಲೆ ಇಪ್ಪತ್ತಮೂರು ಜನ ಇದ್ದರು. ಎಲ್ಲರ ಮುಂದೆ ಬೈದವಳು ಎಲ್ಲರ ಮುಂದೆಯೇ ಹೇಳಬೇಕಿತ್ತು. ಮನೆಯಲ್ಲಿ ಎರಡು ಸಲ ಅಭ್ಯಾಸ ಮಾಡಿಕೊಂಡು ಬಂದಿದ್ದೆ. "ಆ ತಪ್ಪು ನನ್ನದು. ಅನಸೂಯ ಕೇಳಬೇಕು ಅಂತಿದ್ದಳು, ನನಗೆ ಹೆದರಿ ಕೇಳಲಿಲ್ಲ. ಅನಸೂಯಾ, ತಪ್ಪಾಯಿತು ಕಣಮ್ಮ. ನಿಮ್ಮಲ್ಲಿ ಇನ್ನೂ ಯಾರಾದರೂ ನನಗೆ ಹೆದರಿ ಕೇಳದೆ ಬಿಟ್ಟಿದ್ದರೆ ಇವತ್ತು ಕೇಳಿ. ಬೈಯಲ್ಲ. ಬೈದರೆ ಎದ್ದು ಹೋಗಿ" ಎಂದೆ.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಶಿರಾದವರೊಬ್ಬರಿಂದ, ತಮ್ಮ ಫೈಲ್ ಯಾಕೆ ತೆರೆಯುವುದಿಲ್ಲ ಎಂಬ ಪ್ರಶ್ನೆ ಬಂತು. ಪಾವಗಡದಿಂದ ಒಂದು. ಇನ್ನೊಂದು. ಒಟ್ಟು ಹದಿನೇಳು ಪ್ರಶ್ನೆ. ಎರಡು ವರ್ಷದಿಂದ ಇವರೆಲ್ಲ ಇವನ್ನು ಹೊಟ್ಟೆಯಲ್ಲಿಟ್ಟುಕೊಂಡು, ನಾನು ಕೇಳಿದಾಗಲೆಲ್ಲ ಪ್ರಶ್ನೆ ಇಲ್ಲ ಮೇಡಂ ಎನ್ನುತ್ತಿದ್ದರು. ಗದ್ದಲವಿಲ್ಲದ ಬಳಗ ಎಂದು ನಾನು ಬೀಗಿದ್ದು ಇದಕ್ಕೇ.

ಕೊನೆಗೆ ಗಂಗರಾಜು ಕೈ ಎತ್ತಿದರು. ಮೊದಲ ದಿನದಿಂದ ಒಂದು ಸಭೆಯನ್ನೂ ತಪ್ಪಿಸದ ಮನುಷ್ಯ. ಯಾವಾಗಲೂ ಮುಂದಿನ ಸಾಲು, ಕೈಯಲ್ಲಿ ನೋಟ್‌ಬುಕ್, ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದವರು. ಅವರಿಗೆಲ್ಲ ಬರುತ್ತದೆ ಎಂದು ಹೊಸಬರನ್ನು ಅವರ ಪಕ್ಕ ಕೂರಿಸುತ್ತಿದ್ದೆ. ಎದ್ದು ನಿಂತು, ಕೆಮ್ಮಿ, ನೋಟ್‌ಬುಕ್ ಮುಚ್ಚಿ, ಮೆಲ್ಲಗೆ ಕೇಳಿದರು: "ಮೇಡಂ, ಲೂಪ್ ಅಂದ್ರೆ ಏನು?"

ಲೂಪ್ ಎಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡು ಎಂದು ಕಂಪ್ಯೂಟರಿಗೆ ಹೇಳುವುದು. ಅದು ನಮ್ಮ ಎರಡನೆಯ ಸಭೆಯ ಪಾಠ. ಅದು ಗೊತ್ತಿಲ್ಲದಿದ್ದರೆ ಮುಂದಿನದು ಒಂದೂ ತಲೆಗೆ ಹತ್ತುವುದಿಲ್ಲ. ಎರಡು ವರ್ಷ ಅವರು ಕೊರಟಗೆರೆಯಿಂದ ಬಸ್ಸು ಹಿಡಿದು ಬಂದು, ಏನೂ ಅರ್ಥವಾಗದೆ, ತಲೆಯಾಡಿಸಿ ಹೋಗಿದ್ದರು.

ಕಲಿತವರು ಕೊಡುವ ಉತ್ತರದಲ್ಲಿ ಕಲಿಸಿದವರ ಯೋಗ್ಯತೆ ಗೊತ್ತಾಗುತ್ತದೆ ಎಂದು ಮೂವತ್ತನಾಲ್ಕು ವರ್ಷ ನಂಬಿದ್ದವಳು ನಾನು. ಅವರು ನಮ್ಮೆದುರು ಏನನ್ನು ಕೇಳಲು ಧೈರ್ಯ ಮಾಡುತ್ತಾರೆ ಎಂಬುದರಲ್ಲಿ ಅದು ಗೊತ್ತಾಗುವುದು. ಕೆಲಸದ ಕೊನೆಯ ವರ್ಷದಲ್ಲಾದರೂ ಇದನ್ನು ಕಲಿತೆನಲ್ಲ ಎಂಬ ಸಮಾಧಾನ ನನಗಿದೆ. ಅವತ್ತು ನಾನು ಒಂದು ಕುರ್ಚಿ ಎಳೆದುಕೊಂಡು ಗಂಗರಾಜು ಪಕ್ಕದಲ್ಲಿ ಕೂತೆ. ಉಳಿದವರೂ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಅವರಲ್ಲಿ ಅರ್ಧ ಜನಕ್ಕೂ ಲೂಪ್ ಗೊತ್ತಿರಲಿಲ್ಲ.